ಹುಡುಕಿದರೆ ಸಿಗದ ನಂಬರ್

ಮಾರ್ಚ್ 18, ಬೆಳಗ್ಗೆ

ಮತ್ತೆ ಬೆಳಗಿನ ಪಾಳಿ. ಸರ್ಕಾರಿ ಆಸ್ಪತ್ರೆಯ ವಿಷ ಸಹಾಯವಾಣಿ, ಕೈ ಮುರಿದ ಕುರ್ಚಿ, ನಾನು. ಮೊದಲ ಕರೆ—ಮಗು ಬಳಪ ತಿಂದಿದೆ. ನೀರು ಕುಡಿಸಿ, ಬೈಯಬೇಡಿ ಎಂದೆ.

ಚುನಾವಣೆ ಘೋಷಣೆಯಾಗಿದೆ. ಗೋಡೆಗಳ ಮೇಲಿನ ಮಂತ್ರಿಗಳ ಮುಖಕ್ಕೆಲ್ಲ ಕಾಗದ ಅಂಟಿಸುತ್ತಿದ್ದಾರೆ. ಆಸ್ಪತ್ರೆಯ ವೆಬ್‌ಸೈಟಿನಿಂದಲೂ ಫೋಟೊ ತೆಗೆಯಬೇಕಂತೆ. ಅದು ನನ್ನ ನಾದಿನಿಯ ಕೆಲಸ. ಸೈಟ್ ನೋಡಿಕೊಳ್ಳುವವಳು ಅವಳೊಬ್ಬಳೇ, ಅದೂ ಗುತ್ತಿಗೆ ಮೇಲೆ. ಈ ವರ್ಷ ಕಾಯಂ ಆಗುವ ಆಸೆ.

ಮಾರ್ಚ್ 19

ಊಟದ ಹೊತ್ತಿಗೆ ಬಂದಳು, ಮುಖ ಸಪ್ಪೆ. ಫೋಟೊ ತೆಗೆದಾಯಿತು, ಆದರೆ ಸರ್ಚ್ ಮಾಡಿದರೆ ಹಳೆಯದೇ ಇನ್ನೂ ಬರುತ್ತಿದೆ. ಆಡಳಿತಾಧಿಕಾರಿ ತಲೆ ಮೇಲೆ ಕೂತಿದ್ದಾರೆ.

"ಸಂಜೆಯೊಳಗೆ ಎಲ್ಲೂ ಕಾಣಬಾರ್ದಂತೆ ಅತ್ತಿಗೆ. ಚುನಾವಣಾ ಆಯೋಗದ ನೋಟಿಸ್ ಬಂದ್ರೆ ನನ್ನ ಕಥೆ ಮುಗೀತು."

ಸಂಜೆ ನಗುತ್ತಾ ಬಂದಳು. ಏನೋ ಒಂದು ಸೆಟ್ಟಿಂಗ್ ಬದಲಿಸಿದಳಂತೆ, ಸರ್ಚ್‌ನಲ್ಲಿ ಇನ್ನು ಮಂತ್ರಿಗಳ ಮುಖ ಬರುವುದಿಲ್ಲವಂತೆ. ಜಾಣೆ ಎಂದು ಬೆನ್ನು ತಟ್ಟಿದೆ.

ಮಾರ್ಚ್ 29

ಫೋನ್ ಗಪ್‌ಚುಪ್. ಬೆಳಗಿನಿಂದ ಎರಡೇ ಕರೆ, ಒಂದು ರಾಂಗ್ ನಂಬರ್. ಊರಿಗೇ ಬುದ್ಧಿ ಬಂತೇನೋ! ಹಾಯಾಗಿದೆ.

ಏಪ್ರಿಲ್ 2, ಮಧ್ಯಾಹ್ನ

ಹಾಯಾಗಿದೆ ಎಂದು ಬರೆದ ಕೈಗೆ ಏನು ಮಾಡಲಿ... ಎರಡು ವರ್ಷದ ಹುಡುಗಿ. ಬಚ್ಚಲು ತೊಳೆಯುವ ಆ್ಯಸಿಡ್ ಕುಡಿದಿದ್ದಾಳೆ. ತಾಯಿ ಮೊಬೈಲಿನಲ್ಲಿ ಯಾವುದೋ ಪುಟ ನೋಡಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದಾಳೆ. ಆ್ಯಸಿಡ್ ಒಳಗೆ ಹೋಗುವಾಗ ಒಮ್ಮೆ ಸುಟ್ಟಿತು, ಹೊರಗೆ ಬರುವಾಗ ಇನ್ನೊಮ್ಮೆ.

"ವಾಂತಿ ಮಾಡಿಸೋ ಮುಂಚೆ ನಮಗೊಂದು ಫೋನ್ ಮಾಡಬಾರ್ದಿತ್ತಾ?" ಗಡುಸಾಗಿಯೇ ಕೇಳಿದೆ.

"ಹುಡುಕಿದೆ ಸಿಸ್ಟರ್. ನಿಮ್ಮ ಆಸ್ಪತ್ರೆ ಹೆಸರೇ ಬರ್ಲಿಲ್ಲ."

ಸಂಜೆ

ನಾದಿನಿಗೆ ಹೇಳಿದೆ. ಕಂಪ್ಯೂಟರ್ ಮುಂದೆ ಕೂತವಳ ಮುಖ ಬಿಳುಚಿಕೊಂಡಿತು. ಆ ಸೆಟ್ಟಿಂಗ್ ಫೋಟೊ ಮಾತ್ರವಲ್ಲ, ಇಡೀ ಸೈಟನ್ನೇ ಸರ್ಚ್‌ನಿಂದ ಮರೆಮಾಡಿತ್ತು—ನಮ್ಮ ನಂಬರ್ ಸಮೇತ. ಕೂಡಲೇ ಸರಿಪಡಿಸಿದಳು. ಮತ್ತೆ ಕಾಣಲು ಕೆಲವು ದಿನ ಬೇಕಂತೆ.

"ಯಾರಿಗೂ ಗೊತ್ತಾಗಿಲ್ಲ. ಬಾಯಿ ಮುಚ್ಕೊಂಡಿರು," ಎಂದೆ. ನನ್ನ ಯೋಚನೆಯೆಲ್ಲ ಅವಳ ಕೆಲಸದ್ದು.

"ಇಷ್ಟು ದಿನ ಇನ್ನೂ ಯಾರ್‍ಯಾರು ಹುಡುಕಿದ್ರೋ ಅತ್ತಿಗೆ... ಅವ್ರಿಗೆ ಏನ್ ಸಿಕ್ತೋ..."

ಏಪ್ರಿಲ್ 3

ಹೇಳಿಯೇಬಿಟ್ಟಳು. ಮೊದಲು ವಾರ್ಡಿಗೆ ಹೋಗಿ ಆ ತಾಯಿಗೆ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

"ನಂಬರ್ ಸಿಗದೇ ಇದ್ದಿದ್ದು ನನ್ನಿಂದ. ತಪ್ಪು ನಂದು, ನಿಮ್ದಲ್ಲ."

ತಾಯಿ ಮುಖ ತಿರುಗಿಸಿದಳು. ಇವಳು ಅಲ್ಲಿಂದ ನೇರ ಆಡಳಿತಾಧಿಕಾರಿ ಬಳಿಗೆ ನಡೆದಳು. ಸೈಟ್ ಇಷ್ಟು ದಿನ ಕಾಣುತ್ತಿರಲಿಲ್ಲ, ಬೇರೆ ಪುಟ ನಂಬಿದ್ದರೆ ಮಗುವನ್ನು ಕರೆತನ್ನಿ ಎಂದು ಸೈಟಿನಲ್ಲೂ ಗೇಟಿನಲ್ಲೂ ಪ್ರಕಟಣೆ ಹಾಕೋಣ ಎಂದಳಂತೆ.

"ಚುನಾವಣೆ ಹೊತ್ತಲ್ಲಿ ಪೇಪರ್‌ನವ್ರ ಬಾಯಿಗೆ ನಾವೇ ಬೀಳೋದಾ? ಮುಗೀಲಿ, ಆಮೇಲೆ ನೋಡೋಣ."

"ಅಷ್ಟರಲ್ಲಿ ಯಾವ್ದಾದ್ರೂ ಮಗೂಗೆ ಹೆಚ್ಚುಕಮ್ಮಿ ಆದ್ರೆ ಸಾರ್?"

"ಹಾಕಿದ್ರೆ ಅಲ್ಲಿಗೇ ನಿನ್ನ ಗುತ್ತಿಗೆ ಮುಗೀತು ಅಂತ ತಿಳ್ಕೊ."

ಹಾಕಿದಳು. ಕೆಳಗೆ ತನ್ನ ಹೆಸರೂ ಬರೆದಳು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇವಳನ್ನು ಪುಕ್ಕಲಿ ಎಂದು ರೇಗಿಸುತ್ತಿದ್ದೆ! ಹೆಮ್ಮೆಯಾಗುತ್ತಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಕಾಯಂ ಕೆಲಸ ತಪ್ಪಿತು ಎಂದು ಸಂಕಟವೂ ಆಗುತ್ತಿದೆ.

ಏಪ್ರಿಲ್ 5

ಪೇಪರಿನವರು ಬರೆದೇ ಬರೆದರು, ಚೆನ್ನಾಗಿ ಉಗಿದು. ಅದನ್ನು ಓದಿದ ಒಬ್ಬ ತಂದೆ ಮಗನನ್ನು ಹೊತ್ತುಕೊಂಡು ಓಡಿ ಬಂದ. ನಿನ್ನೆ ರಾತ್ರಿ ವಾಚಿನ ಸೆಲ್ ನುಂಗಿದ್ದನಂತೆ. ತಾನಾಗಿಯೇ ಹೋಗುತ್ತದೆ ಎಂದು ಯಾವುದೋ ಪುಟ ಹೇಳಿತ್ತಂತೆ. ಎಕ್ಸ್‌ರೇ ತೆಗೆದರೆ ಗಂಟಲಲ್ಲೇ ಸಿಕ್ಕಿಕೊಂಡಿದೆ. ಡಾಕ್ಟರು ತೆಗೆದರು. ಆಗಲೇ ಒಳಗೆ ಸುಡತೊಡಗಿತ್ತು, ಇನ್ನು ಕೆಲವು ಗಂಟೆ ಬಿಟ್ಟಿದ್ದರೆ ಕಷ್ಟವಿತ್ತು ಎಂದರು.

ಆಡಳಿತಾಧಿಕಾರಿ ಮಾತು ಉಳಿಸಿಕೊಂಡರು. ಆದೇಶ ಬಂತು, ಇನ್ನು ಒಂದು ವಾರವಷ್ಟೇ ಕೆಲಸ. ಅವಳು ಓದಿ ಮಡಚಿಟ್ಟು, ಸೈಟ್ ಸರ್ಚ್‌ನಲ್ಲಿ ಬಂತಾ ಎಂದು ನೋಡಲು ಮತ್ತೆ ಕೂತಳು. ಎಂಥ ಹುಡುಗಿ ಇವಳು!

ಏಪ್ರಿಲ್ 12

ಆ್ಯಸಿಡ್ ಕುಡಿದಿದ್ದ ಹುಡುಗಿ ಇವತ್ತು ಮನೆಗೆ. ಇನ್ನೂ ತಿಂಗಳುಗಟ್ಟಲೆ ಓಡಾಡಬೇಕು, ಆದರೆ ಹಾಲು ಗಂಟಲಲ್ಲಿ ಇಳಿಯುತ್ತಿದೆ.

ಈಗಷ್ಟೇ ಒಂದು ಕರೆ. ವಿಷ ಸಹಾಯವಾಣಿ, ಹೇಳಿ ಎಂದೆ. ಆಚೆ ಕಡೆ ಬರೀ ಗಾಡಿಗಳ ಸದ್ದು. ಮಗು ಏನು ತಿಂತು, ಬೇಗ ಹೇಳಿ ಎಂದು ಗದರಿದೆ.

"ನಾನು ಸಿಸ್ಟರ್, ಆ್ಯಸಿಡ್ ಕುಡಿದಿದ್ದ ಮಗೂನ ತಾಯಿ. ಮಗು ಕರ್ಕೊಂಡು ಗೇಟ್ ಹತ್ರ ನಿಂತಿದ್ದೀನಿ. ಅವತ್ತು ಟೈಪ್ ಮಾಡಿದ್ದನ್ನೇ ಮತ್ತೆ ಮಾಡ್ದೆ. ಮೊದಲ್ನೇದೇ ನಿಮ್ಮ ನಂಬರ್ ಬಂತು." ಫೋನ್ ಇಡುವ ಮುಂಚೆ ಹೇಳಿದಳು, "ತಪ್ಪು ನಂದು ಅಂದ್ಳಲ್ಲ, ಆ ಹುಡುಗಿಗೆ ಹೇಳ್ಬಿಡಿ."

ನಾದಿನಿಗೆ ಇವತ್ತೇ ಕೊನೆಯ ದಿನ, ಮೇಲಿನ ಮಹಡಿಯಲ್ಲಿ ತನ್ನ ಸಾಮಾನು ತುಂಬುತ್ತಿದ್ದಾಳೆ. ಇನ್ನೇನು ಬರೆಯುತ್ತಾ ಕೂರುವುದು, ಮೊದಲು ಹೋಗಿ—