ಓಣಿಗೆ ನೀವು ಹಚ್ಚಿದ ಬೂದು ಬಣ್ಣ

ನಕ್ಷೆ ವಿಭಾಗದ ಮುಖ್ಯಾಧಿಕಾರಿಗಳೇ,

ನಮ್ಮ ಹೊಲಿಗೆ ಕಾರ್ಖಾನೆಯ ಪಕ್ಕದ ಓಣಿಯನ್ನು ಮುಚ್ಚಿ, ಅದಕ್ಕಂಟಿದ ಗೋದಾಮಿಗೆ ಕೊಡಲು ಹೊರಟಿದ್ದೀರಿ. ಅದಕ್ಕೆ ಕಾರಣವಾಗಿ ನನ್ನ ಮಾತನ್ನೇ ತೋರಿಸುತ್ತಿದ್ದೀರಿ. ಆದ್ದರಿಂದ ನಾಲ್ಕು ಜನ ಓದುವಂತೆ ಇದನ್ನು ಬರೆಯುತ್ತಿದ್ದೇನೆ.

'ಜನರ ಮನಸ್ಸಿನ ನಕ್ಷೆ' ಎಂದು ನಿಮ್ಮ ಕಚೇರಿಯ ಗೋಡೆಗೆ ತೂಗುಹಾಕಿದ್ದನ್ನು ನೋಡಿ ಬಂದೆ. ಜನ ಇಷ್ಟಪಡುವ ದಾರಿಗೆ ಹಸಿರು, ಇಷ್ಟಪಡದ್ದಕ್ಕೆ ಬೂದು. ಓಣಿ ಪೂರ್ತಿ ಬೂದು. ಕಾರ್ಖಾನೆಯ ಹಿಂದಿನ ಸುತ್ತು ದಾರಿ, ಚರಂಡಿಯ ವಾಸನೆಗೆ ಮೂಗು ಮುಚ್ಚಿಕೊಂಡೇ ನಡೆಯಬೇಕಾದ ದಾರಿ, ದಪ್ಪ ಹಸಿರು! ಎಂಥ ರಸಿಕರಪ್ಪ ನಾವು!

ಆ ಓಣಿಯ ಬಾಯಲ್ಲಿ ನನ್ನ ಯಜಮಾನರು ಬೀಗ ರಿಪೇರಿ ಮಾಡುತ್ತಿದ್ದರು. ಕಳೆದ ವರ್ಷ ಅಲ್ಲೇ, ಯಾರದೋ ಬೀಗ ಕೈಯಲ್ಲಿರುವಾಗಲೇ, ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಅಂದಿನಿಂದ ನನಗೆ ಅಲ್ಲಿ ಕಾಲಿಡಲು ಆಗಿಲ್ಲ. ಸಂಜೆ ಕೆಲಸ ಬಿಟ್ಟು ನಾನು ಹಿಂದಿನ ದಾರಿ ಹಿಡಿದರೆ, ನಮ್ಮ ಸಾಲಿನ ಹೆಂಗಸರೆಲ್ಲ ನನ್ನ ಜೊತೆಗೇ ತಿರುಗುತ್ತಾರೆ. "ನೀವ್ಯಾಕ್ರೇ ಸುತ್ತು ಹಾಕ್ತೀರಾ, ಹೋಗ್ರೇ ಆ ಕಡೆ" ಎಂದರೆ, ಕಾಜ ಹೊಲಿಯುವ ದಪ್ಪಕ್ಕ, "ಸುಮ್ನಿರೇ, ನನ್ ಹೊಟ್ಟೆ ಕರಗ್ಲಿ ಅಂತ ಬರ್ತಿದೀನಿ. ನಿನಗೋಸ್ಕರ ಅಂದ್ಕೊಂಡ್ಯಾ?" ಎಂದು ಗದರುತ್ತಾಳೆ.

ಸಮೀಕ್ಷೆಗೆ ಬಂದ ನಿಮ್ಮ ಮೇಡಂ ಕೇಳಿದರು: "ಹತ್ತಿರದ ದಾರಿ ಬಿಟ್ಟು ಇಲ್ಲಿ ಯಾಕಮ್ಮ ಬರ್ತೀರಾ?"

"ಅಲ್ಲಿ ಹೋಗೋಕೆ ಮನಸ್ಸು ಬರಲ್ಲ" ಎಂದೆ. ದಪ್ಪಕ್ಕನೂ ಉಳಿದವರೂ "ನಮಗೂ ಅಷ್ಟೇ" ಎಂದರು. ನನ್ನೆದುರು ಪಾಪ, ಬೇರೇನು ಹೇಳಿಯಾರು? ಏಕೆ ಮನಸ್ಸು ಬರುವುದಿಲ್ಲ ಎಂದು ಮೇಡಂ ಕೇಳಲಿಲ್ಲ. ಕೇಳಬೇಡ ಎಂದು ಹೇಳಿ ಕಳಿಸಿದ್ದಿರೇ?

ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ನಕ್ಷೆ ಗೋಡೆಗೇರುವ ಮೊದಲೇ ಗೋದಾಮಿನವರ ಕಬ್ಬಿಣದ ಗೇಟು ಬಂದು ಓಣಿಯಲ್ಲಿ ಒರಗಿ ನಿಂತಿತ್ತು, ಓಣಿಯ ಅಗಲಕ್ಕೆ ಸರಿಯಾಗಿ ಹೊಂದುವ ಗೇಟು. ನಮ್ಮ ಮನಸ್ಸು ನಿಮಗಿಂತ ಮೊದಲು ಅವರಿಗೆ ಹೇಗೆ ತಿಳಿಯಿತು ಸ್ವಾಮೀ? ಬಣ್ಣ ಮೊದಲು ಹಚ್ಚಿ, ಪ್ರಶ್ನೆಯನ್ನು ಆಮೇಲೆ ಕಳಿಸಿದಿರೋ?

ಆ ಗೇಟನ್ನು ಅಲ್ಲಿಂದ ತೆಗೆಸಿ. ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು, ಪೂರ್ತಿ ಕೇಳಿಸಿಕೊಂಡು, ಆಮೇಲೆ ಬಣ್ಣ ಹಚ್ಚಿ. ನನ್ನ ಜೊತೆ ನಡೆದ ತಪ್ಪಿಗೆ ಆ ಹೆಂಗಸರು ಜೀವಮಾನವಿಡೀ ಚರಂಡಿ ಪಕ್ಕದ ಸುತ್ತು ದಾರಿಯಲ್ಲೇ ಓಡಾಡಬೇಕೇ? ನನಗೂ ಎಂದಾದರೂ ಆ ಓಣಿಯಲ್ಲಿ ನಡೆಯುವ ಧೈರ್ಯ ಬಂದೀತು. ಯಾವಾಗ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ. ಬಂದ ದಿನ ಓಣಿ ತೆರೆದಿರಬೇಕು, ಅಷ್ಟೇ.

ಇಂತಿ,
ಇವತ್ತಿಗೂ ಸುತ್ತು ಹಾಕಿಯೇ ಮನೆ ಸೇರುವವಳು