ಭುಜದ ಮೇಲಿನ ಕೈ

ಮಾರ್ಚ್ ೩, ಬೆಳಿಗ್ಗೆ ೮

ಪರೀಕ್ಷೆ ಹತ್ತಿರ. ನನ್ನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಜೆರಾಕ್ಸ್‌ಗೆ ಸಾಲು. ಪಕ್ಕದ ಕನ್ನಡಕದಂಗಡಿಯವನು ಎಂದಿನಂತೆ ಎರಡು ಲೋಟ ಟೀ ಹಿಡಿದು ಬಂದ. ಹದಿನಾಲ್ಕು ವರ್ಷದಿಂದ ನೆರೆಯವನು. ಬೀದಿಯೆಲ್ಲ ಅವನನ್ನು ಡಾಕ್ಟ್ರು ಅನ್ನುತ್ತದೆ, ಅವನೂ ಬೇಡ ಅನ್ನುವುದಿಲ್ಲ. ಚಿಕ್ಕಂದಿನಲ್ಲಿ ಹೊಳೆಯಾಚೆಯಿಂದ ಬಂದವನು. ಮಾತಿನಲ್ಲಿ ಈಗಲೂ ಆ ರಾಗ. ಚುನಾವಣೆ ಬಂತೆಂದರೆ ಟಿವಿಯವರಿಗೆ ‘ಹೊಳೆಯಾಚೆಯವರು’ ನೆನಪಾಗುತ್ತಾರೆ. ಅವನು ಸೌಂಡ್ ಕಡಿಮೆ ಮಾಡುತ್ತಾನೆ, ಅಷ್ಟೆ.

ಮಾರ್ಚ್ ೫

ನನ್ನ ಅಂಗಡಿ ಸುಟ್ಟುಹೋಯಿತು.

ಲ್ಯಾಮಿನೇಷನ್ ಮಷಿನ್ನಿನ ವೈರು. ಸ್ವಿಚ್ ಹಾಕಿದ್ದು ನಾನೇ. ಕಿಡಿ... ಕಾಗದ... ಮುಗಿಯಿತು. ಡಾಕ್ಟ್ರು ನುಗ್ಗಿ ನನ್ನನ್ನು ಹೊರಗೆಳೆದ. ಅವನ ಅಂಗೈಯಲ್ಲಿ ಗುಳ್ಳೆಗಳೆದ್ದಿವೆ. ರಸ್ತೆಯಲ್ಲೇ ಕೂತು ಗೋಳೋ ಎಂದು ಅತ್ತೆ. ಪಕ್ಕದಲ್ಲಿ ಕೂತು ಭುಜದ ಮೇಲೆ ಕೈಯಿಟ್ಟ. ಸುತ್ತ ಎಲ್ಲರ ಕೈಯಲ್ಲೂ ಫೋನು. ಬಕೆಟ್ ಹಿಡಿದವರು ಇಬ್ಬರು.

ಮಾರ್ಚ್ ೬, ಬೆಳಿಗ್ಗೆ

ತಂಗಿ ದೂರದಿಂದ ಫೋನ್ ಮಾಡಿ, ಬೆಂಕಿ ಹಚ್ಚಿದವರು ಸಿಕ್ಕರಾ ಎಂದು ಕೇಳಿದಳು. ಯಾರು ಹಚ್ಚಿದ್ದು? ಅವಳೇ ಫೋಟೋ ಕಳಿಸಿದಳು. ಅಳುತ್ತಿರುವ ನಾನು. ಬಾಯಿ ಸೊಟ್ಟ, ಕನ್ನಡಕ ಇಲ್ಲ. ಡಾಕ್ಟ್ರನ್ನು ಕತ್ತರಿಸಿದ್ದಾರೆ, ಉಳಿದಿದ್ದು ಭುಜದ ಮೇಲಿನ ಕೈ ಮಾತ್ರ. ಅದಕ್ಕೊಂದು ಕೆಂಪು ಸುತ್ತು. ಕೆಳಗೆ — ‘ಹೊಳೆಯಾಚೆಯವರ ಕೈವಾಡ.’

ಮಾರ್ಚ್ ೮

ಮಗಳು ಫೋನ್ ಹಿಡಿದಳು, ನಾನು ನಿಂತು ಮಾತಾಡಿದೆ. ವೈರಿನಿಂದ ಬೆಂಕಿ, ಕಾಪಾಡಿದ್ದು ಡಾಕ್ಟ್ರೇ, ಎಂದೆ. ಒಂದೇ ನಿಮಿಷ. ಸಂಜೆಗೆ ಇನ್ನೂರು ಜನ ನೋಡಿದ್ದರು. ಆ ಫೋಟೋ ನೋಡಿದವರು ಲಕ್ಷಗಟ್ಟಲೆ. ನನ್ನ ವೀಡಿಯೋ ಕೆಳಗೆ ಬರೆದಿದ್ದರು: ‘ಪಾಪ, ಹೆದರಿಸಿ ಹೇಳಿಸಿದ್ದಾರೆ. ಕಣ್ಣು ನೋಡಿ.’

ನಾನೂ ನನ್ನ ಕಣ್ಣು ನೋಡಿದೆ. ಹೆದರಿದ ಹಾಗೇ ಇತ್ತು.

ಮಾರ್ಚ್ ೯

ಚಾನೆಲ್‌ನವರು ಮನೆಗೆ ಬಂದರು. ಮೂರು ಸಲ ಶಾರ್ಟ್ ಸರ್ಕ್ಯೂಟ್ ಎಂದೆ. ಟಿವಿಯಲ್ಲಿ ಬಂದದ್ದು ‘ಎಲ್ಲಾ ಹೋಯ್ತು’ ಎಂಬ ಎರಡೇ ಪದ. ಹಿಂದೆ ಪಿಟೀಲು.

ಅಗ್ನಿಶಾಮಕದವರ ರಿಪೋರ್ಟ್ ಹಿಡಿದು ಸ್ಟೇಷನ್ನಿಗೆ ಹೋದೆ. ಇನ್ಸ್‌ಪೆಕ್ಟರ್ ಒಳ್ಳೆಯವರೇ. ಕೂರಿಸಿದರು. ರಿಪೋರ್ಟ್ ತಮ್ಮ ಹತ್ತಿರವೂ ಇದೆ ಎಂದರು. “ಜನ ರಿಪೋರ್ಟ್ ಓದಲ್ಲ ಸಾರ್. ಚುನಾವಣೆ ಮುಗೀಲಿ, ತಣ್ಣಗಾಗುತ್ತೆ.”

ಮಾರ್ಚ್ ೧೪

ನಾಲ್ಕು ದಿನ ಬರೆಯಲಾಗಲಿಲ್ಲ.

ಇವತ್ತು ಡಾಕ್ಟ್ರ ಅಂಗಡಿ ಒಡೆದರು. ಹಾಡುಹಗಲು. ನನಗೆ ನ್ಯಾಯ ಬೇಕಂತೆ, ಅದನ್ನೇ ಕೂಗುತ್ತಿದ್ದರು. ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತೆ. ಎದುರಿಗಿದ್ದವನ ಟೀಶರ್ಟಿನ ಮೇಲೆ ನನ್ನದೇ ಮುಖ, ಅಳುತ್ತಿತ್ತು.

“ಆ ಫೋಟೋದಲ್ಲಿರೋನು ನಾನೇ ಕಣಪ್ಪಾ,” ಎಂದೆ.

ಅವನು ನನ್ನ ಕಡೆ ಸರಿಯಾಗಿ ನೋಡಲೂ ಇಲ್ಲ. “ಪಕ್ಕಕ್ಕೆ ಬನ್ನಿ ಸಾರ್, ಗಾಜು ತಾಗುತ್ತೆ.”

ಮರ್ಯಾದೆಯಾಗಿಯೇ ಪಕ್ಕಕ್ಕೆ ಸರಿಸಿದ.

ಮಾರ್ಚ್ ೧೫, ಮಧ್ಯಾಹ್ನ

ಡಾಕ್ಟ್ರು ಉಳಿದ ಫ್ರೇಮುಗಳನ್ನು ಡಬ್ಬಕ್ಕೆ ತುಂಬುತ್ತಿದ್ದ. ಗಾಜು ಗುಡಿಸಿಕೊಟ್ಟೆ. ಹೆಂಡತಿಯ ತವರಿಗೆ ಹೋಗುತ್ತಾರಂತೆ. ಆ ಊರಿನಲ್ಲಾದರೂ ಈ ಫೋಟೋ ನೋಡದವರು ಇರುತ್ತಾರಾ — ಕೇಳಲು ಬಾಯಿ ಬರಲಿಲ್ಲ. ಹೊರಡುವಾಗ ಅವನೇ ಹೇಳಿದ:

“ನಿಜ ನಿಮಗೆ ಗೊತ್ತು, ನನಗೆ ಗೊತ್ತು. ಇಬ್ಬರಿಗೆ ಗೊತ್ತಿದ್ದು ಏನು ಬಂತು, ಅಣ್ಣಾ?”

ಮಾರ್ಚ್ ೨೨

ಪಕ್ಷದವರು ಬಂದಿದ್ದರು. ಸಭೆಗೆ ಬರಬೇಕಂತೆ. ಮೈಕ್ ಕೊಟ್ಟರೆ ಇದ್ದದ್ದನ್ನೇ ಹೇಳುತ್ತೇನೆ ಎಂದೆ. ಸಿಟ್ಟಾಗಲಿಲ್ಲ, ನಕ್ಕರು. ಮಾತಾಡುವುದೇನೂ ಬೇಡ, ಸುಮ್ಮನೆ ಕೂತರೆ ಸಾಕಂತೆ. ಹೋಗುವುದಿಲ್ಲ ಎಂದೆ. ಅವರು ಹೋದ ಮೇಲೆ ಹೆಂಡತಿ ಅತ್ತಳು. “ಇನ್ನು ಬಾಯಿ ಬಿಡಬೇಡಿ. ಮಗಳು ದಿನಾ ಒಬ್ಬಳೇ ಓಡಾಡ್ತಾಳೆ.”

ಮಾರ್ಚ್ ೨೭

ಸಭೆ ಆಯಿತು. ನಾನು ಹೋಗಲಿಲ್ಲ. ವೇದಿಕೆಯ ಹಿಂದೆ ನನ್ನ ಮುಖ ಎರಡಾಳೆತ್ತರ ನಿಲ್ಲಿಸಿದ್ದರಂತೆ. ಆಘಾತದಿಂದ ನನಗೆ ಮಾತು ನಿಂತುಹೋಗಿದೆ ಎಂದು ಮೈಕಿನಲ್ಲಿ ಹೇಳಿದರಂತೆ. ಜನ ಕಣ್ಣೊರೆಸಿಕೊಂಡರಂತೆ.

ತರಕಾರಿ ಕೊಳ್ಳುವಾಗ ಅಂಗಡಿಯಾಕೆ ನನ್ನೊಡನೆ ಕೈಸನ್ನೆಯಲ್ಲಿ ಮಾತಾಡಿದಳು. ನಾನೂ ಬೆರಳೆತ್ತಿ ಒಂದು ಕೇಜಿ ಎಂದು ತೋರಿಸಿ ಬಂದೆ.

ಏಪ್ರಿಲ್ ೪, ಸಂಜೆ

ಮಗಳು ಶಾಲೆಯಿಂದ ಬಂದವಳು ಬ್ಯಾಗೂ ಇಳಿಸದೆ ನಿಂತಿದ್ದಳು. ಏನಮ್ಮಾ ಎಂದೆ.

“ಅಪ್ಪಾ, ಬೈಬೇಡ... ನಿನಗೆ ಸರಿಯಾಗಿ ನೆನಪಿದೆಯಾ? ಗಾಬರೀಲಿ ಎಷ್ಟೋ ಜನಕ್ಕೆ ಮರೆತುಹೋಗುತ್ತಂತೆ. ಎಲ್ಲರೂ ಹೇಳ್ತಾರೆ.”

ಅವಳು. ನನ್ನ ವೀಡಿಯೋ ಮಾಡಿದ್ದವಳು.

ನೆನಪಿದೆ ಎಂದೆ. ತಲೆ ಆಡಿಸಿ ಒಳಗೆ ಹೋದಳು. ನಂಬಿದ ಹಾಗೆ ಕಾಣಲಿಲ್ಲ. ಅದಕ್ಕೇ ಇಲ್ಲಿ ಒಂದೊಂದಾಗಿ ಬರೆದಿಡುತ್ತೇನೆ. ಐದನೇ ತಾರೀಕು. ಹತ್ತೂವರೆ. ಅಂಗಡಿಯಲ್ಲಿ ನಾನೊಬ್ಬನೇ. ಸ್ವಿಚ್ ಹಾಕಿದೆ. ಆಗ ಹಿಂದಿನ ಬಾಗಿಲ ಹತ್ತಿರ ಯಾರೋ — ಇಲ್ಲ. ಯಾರೂ ಇರಲಿಲ್ಲ. ಸ್ವಿಚ್ ಹಾಕಿದೆ, ಆಮೇಲೆ