ಸುಮಿತ್ರಾಳ ತವರು ಹುಡುಕಿದ ಬಗೆ

ಮರುನೆಲದ ಇಪ್ಪತ್ತೆರಡನೆಯ ವರ್ಷ, ಶ್ರಾವಣ ಮಾಸ. ನಿಮ್ಮ ಎಣಿಕೆಯಲ್ಲಿ ಇಸವಿ 2214.

ನಮಗಿಂತ ಮೊದಲು ಬದುಕಿದ ಹಿರಿಯರೆ,

ನಿಮ್ಮ ಕಾಲದ ಕನ್ನಡದಲ್ಲೇ ಬರೆಯಲು ಪ್ರಯತ್ನಿಸಿದ್ದೇನೆ. ಅಲ್ಲಲ್ಲಿ ನಮ್ಮ ಕಾಲದ ಮಾತು ನುಸುಳಿದರೆ ಮನ್ನಿಸಿ, ಅರ್ಥ ಹೇಳುತ್ತ ಹೋಗುತ್ತೇನೆ. ನಾನು ನಾಲ್ಕನೆಯ ತರಗತಿಯವರೆಗೆ ಓದಿದವಳು. ಜನರ ಎದುರು ನನ್ನ ದನಿ ಏಳುವುದಿಲ್ಲ. ನೀವು ಎದುರಿಗಿಲ್ಲವಾದ್ದರಿಂದ ಈ ಕಾಗದ ಸುಲಭವಾಗಿದೆ.

ಮರುನೆಲ ಎಂದರೆ ಅಣೆಕಟ್ಟಿನ ಹಿನ್ನೀರಿನಲ್ಲಿ ಹಿಂದೆ ಮುಳುಗಿದ್ದ ಊರುಗಳ ನೆಲ. ಹೂಳು ತುಂಬಿ, ನದಿ ಬದಿಗೆ ಸರಿದು, ಆ ನೆಲ ಮತ್ತೆ ಮೇಲೆದ್ದಿದೆ. ಅಲ್ಲೀಗ ಬಿಳಿಜೋಳ ಆಳೆತ್ತರ ಬೆಳೆಯುತ್ತದೆ. ನಾವು ಮಾತ್ರ ಉಳಿದ ನೀರಿನ ಮೇಲೆ ತೇಲುಮನೆಯಲ್ಲಿದ್ದೆವು. ಪೀಪಾಯಿಗಳ ಮೇಲೆ ಹಲಗೆ ಹೊಡೆದು ಕಟ್ಟಿದ ಮನೆ ಅದು. ರೊಟ್ಟಿ ಬಡಿಯತೊಡಗಿದರೆ ತೊಟ್ಟಿಲು ತಾನೇ ತೂಗುತ್ತದೆ. ಬಿಸಿಲೇರಿದಾಗ ದಂಡೆಯಲ್ಲಿ ಗಂಟೆ ಬಾರಿಸುತ್ತಾರೆ. ಅಲ್ಲಿಂದ ಇಳಿಹೊತ್ತಿನವರೆಗೆ ನೆರಳುಹೊತ್ತು. ಆಗ ಹೊಲಕ್ಕೆ ಯಾರೂ ಇಳಿಯುವಂತಿಲ್ಲ, ಎತ್ತು ಹೂಡುವಂತಿಲ್ಲ. ಕೌದಿ ಹೊಲಿಯುವುದು, ಮಕ್ಕಳ ತಲೆ ಬಾಚುವುದು, ನೆರೆಯವರೊಡನೆ ಜಗಳ, ಎಲ್ಲ ಆ ಹೊತ್ತಿನಲ್ಲೇ ಮುಗಿಯಬೇಕು.

ನನ್ನ ತಾಯಿಯ ತಾಯಿ ಕಾಶವ್ವ. ನಾವು ಆಯಿ ಎನ್ನುತ್ತೇವೆ. ನೆಲದ ಮೇಲೆ ಒಲೆ ಹೂಡಬೇಕೆಂಬುದು ಅವಳ ಒಂದೇ ಆಸೆ. "ಈ ತೂಗಾಡೋ ಮನ್ಯಾಗ ಸತ್ರ ನನ್ನ ಹೆಣಾನೂ ತೂಗಾಡ್ತದ" ಎನ್ನುತ್ತಿದ್ದಳು. ಮರುನೆಲದಲ್ಲಿ ಜಾಗ ಸಿಗುವುದು ಆ ಊರಿನಲ್ಲಿ ಹುಟ್ಟಿದವರ ವಂಶಕ್ಕೆ ಮಾತ್ರ. ಮೂಲದವರು ಗಂಡಾದರೂ ಸರಿ, ಹೆಣ್ಣಾದರೂ ಸರಿ. ನಮ್ಮ ಮೂಲದವಳು ಸುಮಿತ್ರಾ, ಆಯಿಗಿಂತ ಆರು ತಲೆ ಹಿಂದಿನವಳು. ಅವಳ ತವರು ಮುಳುಗಿದ ಚಿಕ್ಕಮಾಳ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ದಾಖಲೆ ಬೇಕು. ಪಂಚಮಿಯೊಳಗೆ ತೋರಿಸದಿದ್ದರೆ ಚಿಕ್ಕಮಾಳದಲ್ಲಿ ಉಳಿದಿದ್ದ ಕೊನೆಯ ಜಾಗ ಬೇರೆಯವರ ಪಾಲಾಗುತ್ತಿತ್ತು.

ನಿಮ್ಮ ಕಾಲದ ಶಾಲೆ, ಪಂಚಾಯಿತಿ, ಕಂದಾಯ ಕಚೇರಿಗಳ ಕಾಗದಗಳನ್ನು ಕಾಪಿಟ್ಟ ಜಾಗಕ್ಕೆ ದಫ್ತರಮನೆ ಎನ್ನುತ್ತೇವೆ. ಮುಟ್ಟಿದರೆ ಪುಡಿಯಾಗುವ ಕಾಗದಗಳವು. ಆದ್ದರಿಂದ ಸುಣ್ಣದ ಗೋಡೆಯ ಮೇಲೆ ಅವುಗಳ ಚಿತ್ರ ಮೂಡಿಸಿ ತೋರಿಸುತ್ತಾರೆ. ನಿಮ್ಮ ಮಾಸ್ತರರ ಶಾಯಿ ಕಲೆಯೂ ಅಂಗೈಯಗಲ ಕಾಣುತ್ತದೆ. ದಫ್ತರಮನೆಯನ್ನು ನೋಡಿಕೊಳ್ಳುವ ರೆಹಮತಬಿ ನಮಗಾಗಿ ಬಹಳ ಹುಡುಕಿದರು. ಗಂಡನ ಊರಾದ ಹೊಸಯಾಳದ ಮತದಾರರ ಪಟ್ಟಿಯಲ್ಲಿ ಸುಮಿತ್ರಾ ಕೋಂ ಶಿವರುದ್ರಪ್ಪ ಎಂದು ಸ್ಪಷ್ಟವಾಗಿತ್ತು. ಕೋಂ ಎಂದರೆ ಹೆಂಡತಿ ಎಂದು ನಿಮಗೆ ಹೇಳಬೇಕಿಲ್ಲ. ಚಿಕ್ಕಮಾಳದ ಕಾಗದಗಳಲ್ಲಿ ಮಾತ್ರ ಸುಮಿತ್ರಾ ಎಂಬ ಹುಡುಗಿಯೇ ಇರಲಿಲ್ಲ.

"ಆಯಿ, ನಿಮ್ಮ ಸುಮಿತ್ರಾ ಈ ಊರಾಗ ಹುಟ್ಟೇ ಇಲ್ಲ ನೋಡ್ರಿ" ಎಂದರು ರೆಹಮತಬಿ.

"ಹಂಗಾರ ಆಕಿ ಮುಗಿಲಿಂದ ಉದುರಿದ್ಳೇನವಾ?" ಎಂದಳು ಆಯಿ.

"ಉದುರಿದ್ರೂ ಎಲ್ಲಿ ಉದುರಿದ್ಳು ಅಂತ ಬರದಿರಬೇಕಲ್ರಿ."

ಆ ವಾರವೇ ಪಕ್ಕದ ತೇಲುಮನೆಯಲ್ಲಿ ಮದುವೆ. ಮದುಮಗ ಪರಾತದಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆದ. ಈಗ ಅದು ಬರೀ ಆಟ. ಅಕ್ಕಿ ಅಡುಗೆಮನೆಗೆ ಹೋದರೆ ಹೆಸರೂ ಹೋಯಿತು. "ಹಿಂಗಂತ ಕರದ್ರ ನಾ ಓ ಅನ್ನಂಗಿಲ್ಲ ಮತ್ತ" ಎಂದು ಮದುಮಗಳು ಹೇಳಿದಾಗ ಎಲ್ಲರೂ ನಕ್ಕರು. ನಾನು ಆ ಅಕ್ಕಿಯನ್ನೇ ನೋಡುತ್ತ ನಿಂತೆ. ಹಿಂದಿನವರಿಗೆ ಅದು ಆಟವಾಗಿರಲಿಲ್ಲ. ಎಷ್ಟೋ ಮನೆತನಗಳಲ್ಲಿ ಅಕ್ಕಿಯ ಮೇಲಿನ ಹೆಸರೇ ಸೊಸೆಯ ಹೆಸರಾಗಿ ಉಳಿಯುತ್ತಿತ್ತು. ಸುಮಿತ್ರಾ ಎಂಬುದು ಗಂಡನ ಮನೆಯವರು ಇಟ್ಟ ಹೆಸರು. ಆ ಹೆಸರನ್ನು ಹಿಡಿದು ನಾವು ಅವಳ ತವರಿನಲ್ಲಿ ಹುಡುಕಿದ್ದೆವು.

ಆಯಿಗೆ ಹೇಳಿದೆ. "ಖರೇ ಅದ. ಆದ್ರ ಮೊದಲಿನ ಹೆಸರು ಯಾರು ನೆನಪಿಟ್ಟಾರ? ಅತ್ತೀಮನ್ಯಾಗ ಅದನ್ನ ಕರಿಯೋರೇ ಇದ್ದಿಲ್ಲ" ಎಂದಳು.

ಹೆಣ್ಣಿನ ಹೆಸರು ಬದಲಾಗುತ್ತದೆ, ಅವಳ ಅಣ್ಣನದು ಬದಲಾಗುವುದಿಲ್ಲ. ಪಂಚಮಿಗೆ ಜೋಕಾಲಿ ಆಡುವಾಗ ನಮ್ಮ ಮನೆಯ ಹೆಂಗಸರು ತಾಯಿಯಿಂದ ಮಗಳಿಗೆ ಬಂದ ಹಾಡೊಂದನ್ನು ಹಾಡುತ್ತಾರೆ: "ಹರಗೋಲ ತಗೊಂಡು ಬಾರೋ ಗುರುಪಾದಣ್ಣ, ಚಿಕ್ಕಮಾಳಕ ನನ್ನ ಕರದೊಯ್ಯೋ." ನಮಗೆ ತಿಳಿದಂತೆ ನಮ್ಮ ಮನೆತನದಲ್ಲಿ ಗುರುಪಾದ ಎಂಬ ಹೆಸರಿನವರು ಯಾರೂ ಇಲ್ಲ. ಹಾಗಾದರೆ ಹಬ್ಬಕ್ಕೆ ತಂಗಿಯನ್ನು ಕರೆಯಲು ಬರುತ್ತಿದ್ದ ಇವನು ಯಾರು?

ಮರುದಿನ ನಸುಕಿನಲ್ಲೇ ದಫ್ತರಮನೆಗೆ ಹೋದೆವು. ಸುಮಿತ್ರಾಳನ್ನು ಬಿಟ್ಟು ಗುರುಪಾದನನ್ನು ಹುಡುಕಿರೆಂದು ನಾನೇ ಕೇಳಿದೆ. ಚಿಕ್ಕಮಾಳದ ಶಾಲೆಯ ದಾಖಲೆಯಲ್ಲಿ ಆ ಹೆಸರಿನವನು ಒಬ್ಬನೇ ಇದ್ದ, ಮಲ್ಲಪ್ಪನ ಮಗ. ರೆಹಮತಬಿ ಅಲ್ಲಿಂದ ಮಲ್ಲಪ್ಪನ ಹಿಂದೆ ಬಿದ್ದರು. ಊರು ಮುಳುಗುವ ಮೊದಲು ಮನೆಮನೆಯ ವಾರಸುದಾರರನ್ನು ಬರೆಸಿಕೊಂಡಿದ್ದರಂತೆ. ಆ ಹಾಳೆ ಗೋಡೆಯ ಮೇಲೆ ಮೂಡಿತು. ಮಲ್ಲಪ್ಪನ ಮಗ ಗುರುಪಾದ. ಅದರ ಕೆಳಗೆ: ಮಗಳು ದುಂಡವ್ವ ಕೋಂ ಶಿವರುದ್ರಪ್ಪ, ವಾಸ ಹೊಸಯಾಳ.

ತವರಿನವರು ಕೊನೆಯವರೆಗೂ ಅವಳ ಹೆಸರು ಬಿಟ್ಟಿರಲಿಲ್ಲ.

ಆಯಿ ಎದ್ದು ಗೋಡೆಯ ಹತ್ತಿರ ಹೋದಳು. ಅವಳ ನೆರಳು ಬಿದ್ದು ಅಕ್ಷರ ಮರೆಯಾಯಿತು. "ಸರಕೋರಿ ಆಯಿ, ಓದಾಕ ಬಿಡ್ರಿ" ಎಂದರು ರೆಹಮತಬಿ. "ತಡಿಯವಾ, ನಮ್ಮಾಕಿ ಜೋಡಿ ಚೂರು ನಿಂದರತೀನಿ" ಎಂದು ಆಯಿ ಅಲ್ಲೇ ನಿಂತಳು.

ಪಂಚಮಿಗೆ ಇನ್ನೂ ಮೂರು ದಿನವಿರುವಾಗ ಜಾಗ ನಮ್ಮದಾಯಿತು. ಒಲೆಗುಂಡನ್ನು ಆಯಿಯೇ ಹೂತಳು.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮನೆಗೆ ಸೊಸೆಯಾಗಿ ಬಂದ ಅಜ್ಜಿಯನ್ನೋ ಅತ್ತೆಯನ್ನೋ ಹತ್ತಿರ ಕುಳಿತು ಕೇಳಿ: ತವರಿನಲ್ಲಿ ಏನೆಂದು ಕರೆಯುತ್ತಿದ್ದರು? ಬಹಳ ವರ್ಷದಿಂದ ಯಾರೂ ಕೇಳದ ಪ್ರಶ್ನೆಯಾದ್ದರಿಂದ ಅವರು ನಕ್ಕು ಸುಮ್ಮನಾಗಬಹುದು. ಏಳದೆ ಕುಳಿತಿರಿ, ಹೇಳುತ್ತಾರೆ. ಆ ಹೆಸರನ್ನು, ಊರನ್ನು, ಅಣ್ಣತಮ್ಮಂದಿರ ಹೆಸರನ್ನು ಅವರ ಫೋಟೋದ ಹಿಂದೆ ಬರೆದಿಡಿ. ನಿಮ್ಮ ಮಕ್ಕಳು ಅದನ್ನು ತಿರುಗಿಸಿ ನೋಡದಿರಬಹುದು. ಚಿಂತೆಯಿಲ್ಲ, ಬರೆಯಿರಿ. ಹುಡುಕಿಕೊಂಡು ಬರುವವರು ನಾವಿದ್ದೇವೆ.

ಇಂತಿ,
ಚಿಕ್ಕಮಾಳದ ದುಂಡವ್ವನ ವಂಶದ
ನಿಂಬೆವ್ವ